ಕಾಕಾರನ್ನು ಗಾಡಿಯಿಂದ ಇಳಿಸಿದ ದಿನ

ಕಾಗವಾಡದಿಂದ ಅಥಣಿ ಕಡೆ ಹೋಗುವ ರಸ್ತೆಯ ನಾಲ್ಕಾರು ಹಳ್ಳಿಗಳಲ್ಲಿ ಈಗ ನನಗೊಂದು ಹೊಸ ಹೆಸರು ಬಿದ್ದಿದೆ. "ಹೆಣಾ ಇಳಿಸಿದಾಕಿ." ಎದುರಿಗೆ ಯಾರೂ ಅನ್ನುವುದಿಲ್ಲ. ಎದುರಿಗೆ "ಆರಾಮ್ರೀ ಸಿಸ್ಟರ್?" ಎಂದು ಹಲ್ಲು ತೋರಿಸುತ್ತಾರೆ, ಬೆನ್ನು ತಿರುಗಿದ ಮೇಲೆ ಶುರು ಹಚ್ಚಿಕೊಳ್ಳುತ್ತಾರೆ. ಅನ್ನಲಿ. ಹಾಗನ್ನುವವರಲ್ಲಿ ಅರ್ಧ ಮಂದಿ ಅವತ್ತು ರಸ್ತೆಯ ಮೇಲೆ ನಿಂತು ಮೊಬೈಲಿನಲ್ಲಿ ವಿಡಿಯೊ ತೆಗೆಯುತ್ತಿದ್ದರು, ಒಂದು ಕೈ ಹಚ್ಚಲಿಲ್ಲ. ಅವರಿಗೆ ಉತ್ತರ ಕೊಡಲೆಂದು ನಾನು ಇದನ್ನು ಬರೆಯುತ್ತಿಲ್ಲ. ಕಾಕಾ ತೀರಿಕೊಂಡ ಮೇಲೆ ಊರೆಲ್ಲ ಅವರ ಬಗ್ಗೆ ಬಣ್ಣಬಣ್ಣದ ಮಾತಾಡಿತು. ಅವರನ್ನು ಮಣ್ಣಿಗೆ ಕಳಿಸಿದ ದಿನ ನಿಜವಾಗಿ ನಡೆದದ್ದೇನು ಎಂಬುದನ್ನು ಯಾರಾದರೂ ಒಬ್ಬರು ಇದ್ದದ್ದು ಇದ್ದ ಹಾಗೆ ಹೇಳಬೇಕಲ್ಲ, ಅದಕ್ಕೆ.

ನಾನು ನರ್ಸ್. ಪಾಲಬಾವಿಯ ಮಗಳು, ಈ ಕಡೆಯ ಸೊಸೆ. ನಾನು ಕೆಲಸ ಮಾಡುವ ಆಂಬುಲೆನ್ಸ್ ಸರಕಾರದ್ದಲ್ಲ, ಊರ ಮಂದಿಯದ್ದು. ಅದನ್ನು ಕಟ್ಟಿ ನಿಲ್ಲಿಸಿದವರು, ಊರೆಲ್ಲ ಕಾಕಾ ಎಂದೇ ಕರೆಯುತ್ತಿದ್ದ ನಮ್ಮ ಕಾಕಾ. ಸೈನ್ಯದಲ್ಲಿ ಗಾಯಾಳುಗಳ ಶುಶ್ರೂಷೆ ಮಾಡಿ ಪೆನ್ಶನ್ ಮೇಲೆ ಬಂದವರು. ಕೃಷ್ಣೆ ಉಕ್ಕಿ ಊರೊಳಗೆ ನುಗ್ಗಿದ ವರ್ಷ ಹತ್ತಾರು ಜನರನ್ನು ಕೂಡಿಸಿಕೊಂಡು ಬಸುರಿಯರನ್ನೂ ಮುದುಕರನ್ನೂ ದೋಣಿಯಲ್ಲಿ ಸಾಗಿಸಿದರು. ನೀರು ಇಳಿಯಿತು, ಕಾಕಾ ಮಾತ್ರ ಆ ಗುಂಪನ್ನು ಬಿಡಲಿಲ್ಲ. ಊರೂರು ಅಲೆದು ಪಟ್ಟಿ ಎತ್ತಿ ಒಂದು ಹಳೆಯ ವ್ಯಾನ್ ತಂದರು. ಅದರೊಳಗೆ ಸ್ಟ್ರೆಚರ್, ಆಕ್ಸಿಜನ್, ಔಷಧಿ ಪೆಟ್ಟಿಗೆ ಎಲ್ಲ ಕೂಡಿಸಿ, ನನ್ನನ್ನು ಅಥಣಿಯ ಖಾಸಗಿ ದವಾಖಾನೆಯಿಂದ ಎಬ್ಬಿಸಿಕೊಂಡು ಬಂದರು.

ಸಿಟ್ಟಿನ ಮನುಷ್ಯ. ನಮ್ಮ ಕಾರ್ಯಕರ್ತರಿಗೆ ಕಲಿಸುವಾಗ ಬ್ಯಾಂಡೇಜ್ ತಪ್ಪಿ ಕಟ್ಟಿದರೆ ಆ ಸುರುಳಿಯನ್ನೇ ತೆಗೆದು ತಲೆಗೆ ಒಗೆಯುತ್ತಿದ್ದರು. "ಮೊದಲ ಉಸರಾ ನೋಡ್ರಿ, ಆಮ್ಯಾಲ ರಕ್ತಾ, ಆಮ್ಯಾಲ ಎಲುಬಾ. ಎಲ್ಲಾಕ್ಕಿಂತ ಕಡೀಕ ಸಂಬಂಧಿಕರ್ನ ನೋಡ್ರಿ," ಎನ್ನುತ್ತಿದ್ದರು. ನಾವು ನಗುತ್ತಿದ್ದೆವು. ಅವರು ನಗುತ್ತಿರಲಿಲ್ಲ.

ಕಬ್ಬಿನ ಸೀಜನ್ ಬಂತೆಂದರೆ ನಮ್ಮ ಕಡೆಯ ರಸ್ತೆ ಮನುಷ್ಯರದ್ದಲ್ಲ. ಎರಡೆರಡು ಟ್ರೇಲರ್ ಕಟ್ಟಿಕೊಂಡು, ಮೇಲೆ ಮನೆಯೆತ್ತರ ಕಬ್ಬು ಹೇರಿಕೊಂಡು ಟ್ರ್ಯಾಕ್ಟರುಗಳು ಸಾಲುಗಟ್ಟುತ್ತವೆ. ಅದರಡಿ ಸಿಕ್ಕವರನ್ನು, ಹಾವು ಕಚ್ಚಿದವರನ್ನು, ನೋವು ತಿನ್ನುವ ಬಸುರಿಯರನ್ನು ಎತ್ತಿಕೊಂಡು ನಾವು ಮೀರಜಕ್ಕೆ ಓಡುತ್ತೇವೆ. ರಾಜ್ಯ ಬೇರೆಯಾದರೂ ನಮಗೆ ಹತ್ತಿರದ ದೊಡ್ಡ ದವಾಖಾನೆ ಇರುವುದು ಅಲ್ಲೇ. ನಮ್ಮದೇ ರಾಜ್ಯದ ಚಿಕ್ಕೋಡಿ ದವಾಖಾನೆಗೆ ಮುಟ್ಟುವಷ್ಟರಲ್ಲಿ ಮೀರಜದಲ್ಲಿ ರಕ್ತವನ್ನೇ ಏರಿಸಿರುತ್ತಾರೆ.

ಕಾಕಾ ಮಾಡಿದ್ದ ಒಂದು ನಿಯಮಕ್ಕೆ ಮಾತ್ರ ಊರು ಅವರ ಮೇಲೆ ಹಲ್ಲು ಕಡಿಯುತ್ತಿತ್ತು. ಗಾಡಿಯಲ್ಲಿ ಹೆಣ ಹಾಕುವಂತಿಲ್ಲ. ಮೀರಜದಲ್ಲಿ ಯಾರಾದರೂ ತೀರಿಕೊಂಡರೆ, ಒಯ್ದ ಗಾಡಿಯಲ್ಲೇ ವಾಪಸು ತರಬೇಕೆಂದು ಮನೆಯವರು ಕಾಲಿಗೆ ಬೀಳುತ್ತಿದ್ದರು. ಕಾಕಾ ಜಪ್ಪಯ್ಯ ಅಂದರೂ ಒಪ್ಪುತ್ತಿರಲಿಲ್ಲ. "ಸತ್ತವರಿಗೆ ಗಡಿಬಿಡಿ ಇರೂದಿಲ್ಲೋ ತಮ್ಮಾ. ಟೆಂಪೋ ಮಾಡಿಸಿಕೊಡ್ತೀನಿ ನಡಿ." ಅವರ ಸ್ವಂತ ಅಣ್ಣನ ಹೆಣವೇ ದ್ರಾಕ್ಷಿ ಕ್ರೇಟುಗಳ ಜತೆ ಟೆಂಪೋದಲ್ಲಿ ಬಂತು. ಅವತ್ತಿನಿಂದ ಆ ಮನೆಯವರು ಮಾತು ಬಿಟ್ಟರು.

ಕಾಕಾ ತೀರಿಕೊಂಡ ಬೆಳಿಗ್ಗೆ ಗಾಡಿ ಊರಲ್ಲಿರಲಿಲ್ಲ. ಗಾಡಿ ನಡೆಸುವ ನಮ್ಮ ಸಮಿತಿಯ ಅಧ್ಯಕ್ಷರ ತಾಯಿಗೆ ಎದೆ ಉರಿಯುತ್ತಿದೆಯೆಂದು ಫೋನ್ ಬಂದಿತ್ತು. ಆ ಮುದುಕಿಗೆ ಎದೆ ಉರಿಯುವುದು ಕೆಂಪು ಖಾರದ ಚಟ್ನಿಯಿಂದ ಎಂದು ಊರಿಗೇ ಗೊತ್ತು. "ಅವರ ಮನ್ಯಾಗ ಎರಡೆರಡ ಕಾರ್ ಅದಾವಲ್ರೀ ಕಾಕಾ, ಗಾಡಿ ಯಾಕ?" ಎಂದು ನಾನು ತಗಾದೆ ತೆಗೆದೆ.

"ಎದಿ ಅಂದ್ರ ಎದೀನ. ಹೋಗ್ ಬಾ ಮಗಳ. ಜಗಳಾ ಬಂದ ಮ್ಯಾಲ ಮಾಡೂಣು," ಎಂದರು. ನನ್ನ ಜತೆ ಅವರಾಡಿದ ಕೊನೆಯ ಮಾತು ಅದು.

ಮೀರಜದಲ್ಲಿ ಇಸಿಜಿ ಪಟ್ಟಿ ತೆಗೆದು ನೋಡಿದರು, ಹೃದಯ ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಹೊಟ್ಟೆಯುರಿಯ ಗುಳಿಗೆ ಕೊಟ್ಟು ಕಳಿಸಿದರು. ವಾಪಸು ಬರುವ ದಾರಿಯಲ್ಲಿ ಮುದುಕಿ ಮೀರಜ ಪೇಟೆಯಲ್ಲಿ ಬಳೆ ಕೊಳ್ಳಬೇಕಿತ್ತು ಎಂದು ಗೊಣಗುತ್ತಿದ್ದಳು. ಆಗ ಕಾಕುವಿನ ಫೋನ್ ಬಂತು. ಕಾಕು ಅಂದರೆ ಕಾಕಾ ಅವರ ಹೆಂಡತಿ, ನನಗೆ ಅತ್ತೆಗಿಂತ ಹೆಚ್ಚು. ನನ್ನ ಎರಡು ಬಾಣಂತನಕ್ಕೂ ಎಣ್ಣೆ ಹಚ್ಚಿ ನೀರು ಹಾಕಿದಾಕೆ. ಫೋನಿನಲ್ಲಿ ಆಕೆ ಬರೀ ಹೊಯ್ಕೊಂಡು ಅತ್ತಳು.

ಆಮೇಲೆ ಗೊತ್ತಾಯಿತು. ನಾವು ಹೋದ ಸ್ವಲ್ಪ ಹೊತ್ತಿಗೆ ಕಾಕಾ ಬೆವತಿದ್ದಾರೆ, ಎಡಗೈ ಒತ್ತಿಕೊಳ್ಳುತ್ತ ಕೂತಿದ್ದಾರೆ. ಏನಾಗುತ್ತಿದೆಯೆಂದು ಅವರಿಗೆ ಗೊತ್ತಾಗದೆ ಇರುತ್ತದೆಯೆ? ಕಾಕು ಗಾಡಿಗೆ ಫೋನ್ ಮಾಡುತ್ತೇನೆಂದರೆ, "ಗಾಡ್ಯಾಗ ಪೇಶಂಟ್ ಐತಿ. ಬರ್ತೈತಿ ಬಿಡು," ಎಂದರಂತೆ. ನೆರೆಮನೆಯವರು ಕಾರು ಹೊರಗೆ ತೆಗೆಯುವುದರೊಳಗೆ ಅಡುಗೆಮನೆಯ ಹೊಸ್ತಿಲ ಬಳಿ ಬಿದ್ದಿದ್ದಾರೆ. ನಾನು ಬಂದು ಕೈ ಮುಟ್ಟಿದಾಗ ತಣ್ಣಗಾಗಿತ್ತು. ಒಂದು ಮುದುಕಿಯ ಚಟ್ನಿಗೆ ನಮ್ಮ ಗಾಡಿ ಹೋಗಿತ್ತು. ಅದನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ.

ಕಾಕಾ ಅವರ ಮಗಳು ಪುಣೆಯಿಂದ ಬರಬೇಕಾಗಿತ್ತು. ಮಣ್ಣು ಮರುದಿನಕ್ಕೆ ಎಂದಾಯಿತು.

ಕಾಕಾ ಅವರ ಮನೆತನದಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ, ಕೂರಿಸಿ ಒಯ್ಯುತ್ತಾರೆ. ಮೈ ತೊಳೆದು, ವಿಭೂತಿ ಹಚ್ಚಿ, ಬಿದಿರು ಮತ್ತು ಬಾಳೆದಿಂಡಿನ ವಿಮಾನ ಕಟ್ಟಿ ಅದರಲ್ಲಿ ಕೂರಿಸುತ್ತಾರೆ. ನಾಲ್ಕು ಜನ ಹೆಗಲು ಕೊಡುತ್ತಾರೆ. ಮಣ್ಣು ಮಾಡಬೇಕಿದ್ದ ಅವರ ತೋಟ ಊರಿಗೆ ಹತ್ತಿರವೇ ಇತ್ತು, ಹೆಗಲ ಮೇಲೆ ಹೋಗಿದ್ದರೆ ಮಧ್ಯಾಹ್ನದೊಳಗೆ ಎಲ್ಲ ಮುಗಿಯುತ್ತಿತ್ತು. ಆದರೆ ಬೆಳಿಗ್ಗೆಯೇ ಅಧ್ಯಕ್ಷರು ಅಂಗಳಕ್ಕೆ ಬಂದು ನಿಂತರು. ಅವರ ಕಣ್ಣುಗಳೂ ಕೆಂಪಾಗಿದ್ದವು, ಸುಳ್ಳು ಹೇಳುವುದಿಲ್ಲ.

"ಹೆಗಲ ಮ್ಯಾಲ ಬ್ಯಾಡ್ರಿ. ಕಾಕಾ ಅವರ್ನ ಅವರ ಗಾಡ್ಯಾಗನ ಒಯ್ಯೂಣು. ಸುತ್ತ ನಾಕ ಊರ ಮಂದಿಗೆ ದರ್ಶನಾ ಆಗ್ಲಿ. ದೊಡ್ಡದೊಡ್ಡವ್ರು ಬರಾಕತ್ತಾರ."

"ಗಾಡ್ಯಾಗ ಹೆಣಾ ಹಾಕಬಾರದು ಅಂತ ಅವರದ ನಿಯಮ ಐತಲ್ರೀ," ಎಂದೆ.

"ನಿಯಮ ಮಂದಿಗೆ, ಸಿಸ್ಟರ್. ಇವರು ಮಾಲಕರು."

"ಪೇಶಂಟ್ ಬಂದ್ರ?"

"ಒಂದ ಎರಡ ತಾಸಿನ ಮಾತು. ಅಷ್ಟ್ರಾಗ ಯಾರ ಸಾಯ್ತಾರ್ರಿ?"

ನನ್ನ ಮೈಯೆಲ್ಲ ಉರಿಯಿತು. ಇನ್ನೂ ನಾಲ್ಕು ಮಾತು ಬಾಯಿಗೆ ಬಂದಿದ್ದವು. ಅಷ್ಟರಲ್ಲಿ ಒಳಗೆ ಹೆಣದ ಪಕ್ಕ ಕೂತಿದ್ದ ಕಾಕು ತಲೆಯೆತ್ತದೆ ಅಂದಳು: "ಗಾಡ್ಯಾಗ ಹೋಗ್ಲಿ." ಆಮೇಲೆ ನಾನು ಬಾಯಿ ಮುಚ್ಚಿಕೊಂಡೆ. ಗಂಡ ಸತ್ತವಳ ಎದುರು ಎಷ್ಟು ವಾದ ಮಾಡುತ್ತೀರಿ?

ಮಲಗಿದವರಿಗಾಗಿ ಮಾಡಿದ ಗಾಡಿಯಲ್ಲಿ ಕೂತವರನ್ನು ಹಿಡಿಸುವುದು ಹೇಗೆ? ಪಾನಾ ತಂದು ಬೋಲ್ಟ್ ಬಿಚ್ಚಿದರು. ಸ್ಟ್ರೆಚರ್ ಹೊರಗೆ ಬಂತು. ಆಕ್ಸಿಜನ್ ಸಿಲಿಂಡರ್ ಹೊರಗೆ ಬಂತು. ಔಷಧಿ ಪೆಟ್ಟಿಗೆ, ಬರ್ಫದ ಡಬ್ಬಿಯಲ್ಲಿ ಇಡುವ ಇಂಜೆಕ್ಷನ್ನುಗಳು, ಎಲ್ಲವೂ ಸಮಿತಿಯ ಕೋಣೆ ಸೇರಿದವು. ಅಧ್ಯಕ್ಷರು ಬೀಗ ಹಾಕಿ ಕೀಲಿಯನ್ನು ಕಿಸೆಗೆ ಹಾಕಿಕೊಂಡರು. ನನ್ನ ಹೆಗಲ ಚೀಲವನ್ನು ಮಾತ್ರ ನಾನು ಬಿಡಲಿಲ್ಲ. ವಿಮಾನವನ್ನು ಗಾಡಿಯೊಳಗೆ ಹಿಂಬದಿಗೆ ಮುಖ ಮಾಡಿ ಕೂರಿಸಿ, ಕಂಬಿಗಳಿಗೆ ಹಗ್ಗ ಬಿಗಿದರು. ಹಿಂದಿನ ಬಾಗಿಲು ಎರಡೂ ತೆರೆದೇ ಇದ್ದವು. ಮುಂದಿನ ಗಾಜಿಗಿಂತ ಮೇಲೆ, ಸೈರನ್ ದೀಪ ಮುಚ್ಚುವ ಹಾಗೆ, ಒಂದು ದೊಡ್ಡ ಫ್ಲೆಕ್ಸ್ ಕಟ್ಟಿದರು. ಅದರಲ್ಲಿ ಕಾಕಾ ಅವರ ಫೋಟೊ ಸಣ್ಣದು, ಶ್ರದ್ಧಾಂಜಲಿ ಕೋರುವವರ ಫೋಟೊಗಳು ದೊಡ್ಡವು.

ಹೀಗೆ ಹೊರಟೆವು. ಮುಂದೆ ಗಾಡಿ, ಅದರ ಹಿಂದೆ ಭಜನೆಯವರು ಕೂತ ಟ್ರ್ಯಾಕ್ಟರ್, ಅದರ ಹಿಂದೆ ಸಾವಿರ ತಲೆ, ಎಲ್ಲಕ್ಕೂ ಹಿಂದೆ ದೊಡ್ಡವರ ಕಾರುಗಳು. ಕಾಕು ಗಾಡಿಯೊಳಗೆ ವಿಮಾನದ ಬುಡ ಹಿಡಿದು ಕೂತಿದ್ದಳು. ನಾನು ಡ್ರೈವರನ ಪಕ್ಕ. ಡ್ರೈವರನ ಕಣ್ಣೀರು ಸ್ಟೇರಿಂಗ್ ಮೇಲೆ ಬೀಳುತ್ತಿತ್ತು. ಎಡಬಲಕ್ಕೆ ಆಳೆತ್ತರ ಕಬ್ಬು, ನಡುವೆ ಒಂದೇ ಗಾಡಿ ಹಿಡಿಸುವ ರಸ್ತೆ.

ಎರಡನೆಯ ಊರು ದಾಟಿ ಹೊರಟಾಗ ಎದುರಿನಿಂದ ಒಂದು ಬೈಕ್ ಬಂದು ಗಾಡಿಗೆ ಅಡ್ಡ ನಿಂತಿತು. ಬೀಡ್ ಕಡೆಯಿಂದ ಕಬ್ಬು ಕಡಿಯಲು ಬಂದ ಗ್ಯಾಂಗಿನ ಮುಕಾದಮ, ಅಂದರೆ ಕೂಲಿಗಳನ್ನು ಕರೆತಂದ ಮೇಸ್ತ್ರಿ. ಅಂಗಿಯ ಮುಂದೆಲ್ಲ ರಕ್ತ. ಹೂವಿನ ಮಾಲೆ ಕಂಡು ಅವನು ಒಂದು ಕ್ಷಣ ತಡವರಿಸಿದ. ಆಮೇಲೆ ನನ್ನ ಬಿಳಿ ಕೋಟು ನೋಡಿ ಬೇಗ ಬರಬೇಕು, ರಕ್ತ ನಿಲ್ಲುತ್ತಿಲ್ಲ ಎಂದು ಮರಾಠಿಯಲ್ಲಿ ಕೂಗಿದ: "ತಾಈ, ಲವಕರ ಚಲಾ! ರಕ್ತ ಥಾಂಬತ ನಾಹೀ!"

ಗುಡಿಸಲಲ್ಲಿ ಹೆರಿಗೆಯಾಗಿತ್ತು. ಕೂಸು ಅಳುತ್ತಿತ್ತು, ತಾಯಿಯ ರಕ್ತ ನಿಲ್ಲುತ್ತಿರಲಿಲ್ಲ. ಸರಕಾರಿ ಆಂಬುಲೆನ್ಸಿಗೆ ಅವನು ಆಗಲೇ ಫೋನ್ ಮಾಡಿದ್ದ. ಅದು ಬೇರೊಬ್ಬ ಪೇಶಂಟನ್ನು ಕರೆದುಕೊಂಡು ಚಿಕ್ಕೋಡಿಗೆ ಹೋಗಿತ್ತು. ಹೆರಿಗೆಯ ನಂತರ ರಕ್ತ ಹೋಗಲು ಹತ್ತಿದರೆ ಹೆಣ್ಣುಮಕ್ಕಳು ನೋಡನೋಡುತ್ತ ಮುಗಿದುಹೋಗುತ್ತಾರೆ. ನಾನು ನೋಡಿದ್ದೇನೆ. ಚಹಾ ಕುದಿಸಿ ಸೋಸುವಷ್ಟು ಹೊತ್ತೂ ದೊಡ್ಡದು.

ನಾನು ಕೆಳಗೆ ಹಾರಿದೆ. ಅಧ್ಯಕ್ಷರು ಗರ್ದಿಯಿಂದ ಮುಂದೆ ಬಂದರು.

"ನನ್ನ ಕಾರ್ ಕೊಡ್ತೀನ್ರಿ, ತಗೊಂಡ ಹೋಗ್ರಿ."

"ಎಲ್ಲೈತ್ರೀ ಕಾರು?"

ಅವರು ಹಿಂದಿರುಗಿ ನೋಡಿದರು. ಕಾರು ಎಲ್ಲೋ ಸಾವಿರ ತಲೆಗಳ ಆಚೆ, ಟ್ರ್ಯಾಕ್ಟರಿನ ಹಿಂದೆ. ಎರಡು ಕಡೆ ಕಬ್ಬು. ಅದು ಮುಂದೆ ಬರಬೇಕಾದರೆ ಇಡೀ ಮೆರವಣಿಗೆ ಊರತನಕ ಹಿಂದಕ್ಕೆ ಸರಿಯಬೇಕು. ಮುಂದಕ್ಕೆ ಓಡಲು ಸಾಧ್ಯವಿದ್ದ ಗಾಡಿ ಒಂದೇ.

"ಇಳಸ್ರಿ," ಎಂದೆ. "ಭಜನಿ ಟ್ರ್ಯಾಕ್ಟರ್‌ನ್ಯಾಗ ಕೂಡಸ್ರಿ. ಗಾಡಿ ಬೇಕ ನನಗ."

ಅಯ್ಯೋ, ಆ ಗದ್ದಲ! "ಹೊಂಟ ವಿಮಾನ ನಡುದಾರ್ಯಾಗ ಇಳಸಬಾರದು!" ಎಂದು ಒಬ್ಬ. "ಏನ್ ಬೇ, ತಲಿ ಕೆಟ್ಟೈತೇನ?" ಎಂದು ಇನ್ನೊಬ್ಬ. "ಯಾವ ಊರಾಕಿಯೋ, ಯಾರೋ, ಅವರ ಸಲುವಾಗಿ ನಮ್ಮ ಕಾಕಾನ ಬೀದ್ಯಾಗ ಇಳಸ್ತೀಯಾ?" ಎಂದು ಮತ್ತೊಬ್ಬ. ಅವನ ಮಗನನ್ನು ಹಾವು ಕಚ್ಚಿದಾಗ ಇದೇ ಗಾಡಿಯಲ್ಲಿ ಕಾಕಾ ಮೀರಜಕ್ಕೆ ಒಯ್ದು ಉಳಿಸಿದ್ದರು. ಅವನ ಮುಖಕ್ಕೆ ಹೊಡೆಯಬೇಕೆನಿಸಿತು. ಹೊತ್ತಿರಲಿಲ್ಲ.

ಮೊದಲು ಕೆಳಗಿಳಿದವರು ಭಜನೆಯ ಮುದುಕರು. ಅವರಲ್ಲಿ ತಾಳ ಹಿಡಿದ ಅಜ್ಜ ತನ್ನ ತಾಳವನ್ನು ಕಿಸೆಗೆ ಹಾಕಿಕೊಂಡು, "ನಾವ್ ನಡಕೋತ ಹೊಕ್ಕೀವಿ. ಹಿಡೀರೋ," ಎಂದ. ಅಷ್ಟೇ. ಡ್ರೈವರ್, ಅಜ್ಜ, ಇನ್ನಿಬ್ಬರು ಭಜನೆಯವರು ಗಾಡಿಯ ಹಿಂಬದಿಗೆ ಬಂದರು. ಹಗ್ಗದ ಗಂಟು ಬಿಚ್ಚಲು ಬರಲಿಲ್ಲ. ಮುಕಾದಮ ಬೈಕಿಗೆ ಸಿಕ್ಕಿಸಿದ್ದ ಕಬ್ಬು ಕಡಿಯುವ ಕೊಯ್ತಾ ತಂದು ಕೊಯ್ದ.

ಕಾಕು ವಿಮಾನದ ಬುಡವನ್ನು ಬಿಡಲಿಲ್ಲ.

"ಮುಟ್ಟಬ್ಯಾಡ," ಎಂದಳು.

"ಕಾಕು, ಬಾಣಂತಿ ಸಾಯಾಕತ್ತಾಳ."

"ಸಾಯ್ಲಿ. ನಾ ನಿನ್ನಿ ಸತ್ತಿಲ್ಲೇನು?" ಆಕೆ ಕೂಗಲಿಲ್ಲ. ನನಗೊಬ್ಬಳಿಗೇ ಕೇಳುವ ದನಿಯಲ್ಲಿ ಹೇಳಿದಳು. "ಬದುಕಿದ್ದಷ್ಟ ದಿನಾ ಮಂದೀ ಪಾಲಾದ. ಮಗಳ ಮದವ್ಯಾಗ ಅಕ್ಕಿಕಾಳ ಬೀಳೂ ಹೊತ್ನ್ಯಾಗ ಮೀರಜದಾಗ ಇದ್ದಾ. ನಿನ್ನಿ ಅಂವಾ ಬೆವತು ಕುಂತಾಗ ಗಾಡಿ ಎಲ್ಲಿತ್ತು, ನೀನ ಹೇಳು? ಇವತ್ತೊಂದ ದಿನಾ ಈ ಗಾಡಿ ಅಂವಂದು. ನಾ ಕೊಡಾಂಗಿಲ್ಲ."

ಒಂದೊಂದು ಮಾತೂ ಖರೆ. ಬಗ್ಗಿ ಕೂತು ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದೆ. ನನ್ನ ತಲೆಗೆ ಎಣ್ಣೆ ಹಚ್ಚಿದ ಬೆರಳುಗಳು. ಗಟ್ಟಿ ಹಿಡಿದಿದ್ದಳು, ನನ್ನ ಉಗುರು ತಾಗಿ ಒಂದು ಕಡೆ ತರಚಿತು. ಆಮೇಲೆ ಡ್ರೈವರ್ ಅವಳನ್ನು ಎರಡೂ ತೋಳು ಹಿಡಿದು ಕೆಳಗಿಳಿಸಿದ. ಕಾಕಾ ಟ್ರ್ಯಾಕ್ಟರಿನ ಟ್ರೇಲರಿಗೆ ಹೋದರು. ವಿಮಾನದ ಒಂದು ಬಾಳೆದಿಂಡು ಮುರಿದು ಓರೆಯಾಯಿತು. ಮಂದಿ ವಿಡಿಯೊ ತೆಗೆದರು.

ನಾವು ಹೊರಟೆವು. ಡ್ರೈವರ್ ಓಡಿಸುತ್ತಲೇ ಕೈ ಹೊರಹಾಕಿ ಫ್ಲೆಕ್ಸನ್ನು ಹರಿದು ಒಗೆದ. ನಾನು ಫೋನ್ ಹಚ್ಚಿದ್ದು ಕಾಕಾ ಕಲಿಸಿದ ಕಾರ್ಯಕರ್ತರಲ್ಲೊಬ್ಬನಾದ ಪಂಚರ್ ಅಂಗಡಿಯವನಿಗೆ. ಅವನು ಮಣ್ಣಿನ ಕೆಲಸಕ್ಕೆಂದು ತೋಟದಲ್ಲಿದ್ದ.

"ಸಿಲಿಂಡರ್, ಔಷಧಿ ಪೆಟಗಿ, ಬರ್ಫದ ಡಬ್ಬಿ. ಮೂರೂ ತಗೊಂಡ ಕಾಗವಾಡ ಚೌಕಕ್ಕ ಬಾ."

"ಕೀಲಿ ಅಧ್ಯಕ್ಷರ ಕಡೆ ಐತ್ರೀ ಅಕ್ಕಾರ."

"ಬೀಗಾ ಒಡಿ. ನಾ ಹೇಳೇನಿ ಅಂತ ಹೇಳು."

ಗುಡಿಸಲಲ್ಲಿ ಆ ಹೆಣ್ಣು ಹಳೆಯ ಸೀರೆಗಳ ಮೇಲೆ ಬಿದ್ದಿದ್ದಳು. ಸೀರೆಗಳೆಲ್ಲ ತೊಯ್ದಿದ್ದವು. ತುಟಿ ಬಿಳಿ, ನಾಡಿ ದಾರದಷ್ಟು ಸಣ್ಣಗೆ, ಓಡುತ್ತಿತ್ತು. ಹೆರಿಗೆ ಮಾಡಿಸಿದ ಮುದುಕಿ ಮಾಸು ಬಿದ್ದಿದೆ ಎಂದು ಬುಟ್ಟಿ ತೋರಿಸಿದಳು. ತಿರುಗಿಸಿ ನೋಡಿದೆ, ಪೂರ್ತಿ ಇತ್ತು. ಹೊಟ್ಟೆಯ ಮೇಲೆ ಕೈಯಿಟ್ಟೆ. ಹೆರಿಗೆಯಾದ ಮೇಲೆ ಗರ್ಭಕೋಶ ಕಲ್ಲಿನ ಹಾಗೆ ಬಿಗಿಯಬೇಕು, ಆಗ ರಕ್ತ ನಿಲ್ಲುತ್ತದೆ. ಇವಳದು ನಾದಿದ ಹಿಟ್ಟಿನ ಹಾಗೆ ಮೆತ್ತಗಿತ್ತು. ಜೋರಾಗಿ ತಿಕ್ಕಿದೆ. ಬಿಗಿಯಿತು, ಕೈ ಬಿಟ್ಟರೆ ಮತ್ತೆ ಸಡಿಲಾಯಿತು. ಅದನ್ನು ಬಿಗಿಸುವ ಇಂಜೆಕ್ಷನ್ ಸಮಿತಿಯ ಕೋಣೆಯಲ್ಲಿ ಬೀಗದ ಹಿಂದೆ ಇತ್ತು. ನನ್ನ ಚೀಲದಲ್ಲಿ ಅದೇ ಕೆಲಸದ ಗುಳಿಗೆಗಳಿದ್ದವು. ನಾಲಿಗೆಯ ಕೆಳಗೆ ಇಟ್ಟೆ. ಮೂತ್ರ ಕಟ್ಟಿದ್ದರೆ ಗರ್ಭಕೋಶ ಬಿಗಿಯುವುದಿಲ್ಲ, ನಳಿಕೆ ಹಾಕಿ ಖಾಲಿ ಮಾಡಿದೆ. ಸಲೈನ್ ಹಚ್ಚಲು ನರವೇ ಸಿಗಲಿಲ್ಲ. ಎರಡು ಸಲ ತಪ್ಪಿತು. ಮೊಣಕೈಯ ಒಳಬದಿಗೆ ಕೊನೆಗೂ ಸಿಕ್ಕಿತು.

ಸ್ಟ್ರೆಚರ್ ಇಲ್ಲ. ಕೌದಿಯಲ್ಲಿ ಎತ್ತಿ ತಂದು ಗಾಡಿಯ ನೆಲದ ಮೇಲೆ ಮಲಗಿಸಿದೆವು. ನೆಲದ ತುಂಬ ಚೆಂಡು ಹೂವು, ಬಾಳೆಯ ನೀರು, ವಿಭೂತಿ. ಸರಿಸಲು ಸಮಯವಿರಲಿಲ್ಲ. ಕಾಲುಗಳನ್ನು ಬದಿಯ ಆಸನದ ಮೇಲೆ ಎತ್ತಿಟ್ಟು, ಸಲೈನ್ ಬಾಟಲಿಯನ್ನು ಕೊಕ್ಕೆಗೆ ತೂಗುಹಾಕಿದೆ. ಹೆರಿಗೆ ಮಾಡಿಸಿದ ಮುದುಕಿ ಕೂಸನ್ನು ಎದೆಗವಚಿಕೊಂಡು ಮೂಲೆಯಲ್ಲಿ ಕೂತಳು. ಬಾಣಂತಿಯ ಗಂಡ, ಅವನಿನ್ನೂ ಮೀಸೆ ಮೂಡದ ಮುಖದವನು, ಮುಂದೆ ಡ್ರೈವರನ ಪಕ್ಕ ಕೂತ.

ಗಾಡಿ ಹೊರಟ ಮೇಲೂ ರಕ್ತ ಬರುತ್ತಲೇ ಇತ್ತು. ಉಳಿದದ್ದು ಒಂದೇ ಉಪಾಯ. ಒಂದು ಮುಷ್ಟಿಯನ್ನು ಒಳಗಿನಿಂದ, ಇನ್ನೊಂದು ಕೈಯನ್ನು ಹೊಟ್ಟೆಯ ಮೇಲಿನಿಂದ ಇಟ್ಟು ಗರ್ಭಕೋಶವನ್ನು ನಡುವೆ ಹಿಸುಕಿ ಹಿಡಿಯುವುದು. ಹಿಡಿದರೆ ಬಿಡುವಂತಿಲ್ಲ. ಗುಂಡಿ ಬಂದರೂ, ತಿರುವು ಬಂದರೂ, ಕೈ ಜೋಮು ಹಿಡಿದರೂ. ನಾನು ಮೊಣಕಾಲೂರಿ ಹಿಡಿದೆ. ಹೂವಿನ ವಾಸನೆ, ರಕ್ತದ ವಾಸನೆ. ಸ್ವಲ್ಪ ಹೊತ್ತಿನ ಹಿಂದೆ ಕಾಕಾ ಕೂತಿದ್ದ ಜಾಗ ಅದು. ಅಳು ಒತ್ತರಿಸಿ ಬಂತು. ಮೂಗು ಒರೆಸಿಕೊಳ್ಳಲು ಕೈ ಇರಲಿಲ್ಲ.

ಕಾಗವಾಡದ ಚೌಕದಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ಅಡ್ಡಾದಿಡ್ಡಿ ನಿಂತಿದ್ದವು. ಸೈರನ್ ಕೂಗುತ್ತಿದ್ದರೂ ಒಬ್ಬನೂ ಅಲುಗಲಿಲ್ಲ. ಪಂಚರ್ ಅಂಗಡಿಯವನು ಮುಂದೆಯೇ ಬಂದು, ಬೈಕನ್ನು ನಡುರಸ್ತೆಯಲ್ಲಿ ಬಿಟ್ಟು, ಟ್ರ್ಯಾಕ್ಟರಿನವರ ತಾಯಿತಂದೆಯನ್ನೆಲ್ಲ ಉದ್ಧರಿಸುತ್ತ ದಾರಿ ಮಾಡಿಸಿದ. ಸಿಲಿಂಡರ್ ಒಳಗೆ ತಳ್ಳಿ, ನಾನು ಹೇಳಿದ ಹಾಗೆ ಮಾಸ್ಕ್ ಹಚ್ಚಿದ. ಇಂಜೆಕ್ಷನ್ ಸಹ ನಾನು ಹೇಳಿಕೊಟ್ಟಂತೆ ಸಲೈನಿಗೆ ಅವನೇ ಸೇರಿಸಿದ, ನನ್ನ ಕೈ ಖಾಲಿ ಇರಲಿಲ್ಲವಲ್ಲ. ಅವನ ಕೈ ತಪ್ಪಲಿಲ್ಲ. ಗಡಿ ದಾಟಿದ ಮೇಲೆ ನನ್ನ ಅಂಗೈಯ ಕೆಳಗೆ ಗರ್ಭಕೋಶ ನಿಧಾನಕ್ಕೆ ಬಿಗಿಯತೊಡಗಿತು. ನಾನು ನಂಬಲಿಲ್ಲ. ದವಾಖಾನೆಯ ಡಾಕ್ಟರು ಮರಾಠಿಯಲ್ಲಿ "ಸೋಡಾ ಆತಾ ಸಿಸ್ಟರ್," ಅಂದರೆ ಇನ್ನು ಬಿಡಿ, ಎಂದು ನನ್ನ ಭುಜ ಮುಟ್ಟುವವರೆಗೂ ನಾನು ಕೈ ತೆಗೆಯಲಿಲ್ಲ.

ರಕ್ತ ಏರಿಸಿದರು. ಗ್ಯಾಂಗಿನ ಗಂಡಸರು ಟೆಂಪೋ ಹಿಡಿದು ಬಂದು ರಕ್ತ ಕೊಟ್ಟರು. ಸಂಜೆಯ ಹೊತ್ತಿಗೆ ಅವಳು ಕಣ್ಣು ಬಿಟ್ಟು ಕೂಸನ್ನು ಕೇಳಿದಳು. ಉಳಿದಳು.

ನಾವು ವಾಪಸಾದಾಗ ಎಲ್ಲ ಮುಗಿದಿತ್ತು. ಮಣ್ಣಿನ ಗುಡ್ಡೆಯ ಮೇಲೆ ನೀರು ಚಿಮುಕಿಸಿ ಮಂದಿ ಮನೆ ಸೇರಿದ್ದರು. ಒಂದು ಹಿಡಿ ಮಣ್ಣು ಹಾಕುವುದೂ ನನಗೆ ಸಿಗಲಿಲ್ಲ. ನಾನೂ ಡ್ರೈವರನೂ ಗಾಡಿಯನ್ನು ತೋಟದ ಬಾವಿಯ ಬಳಿಗೆ ಒಯ್ದು ತೊಳೆದೆವು. ರಕ್ತಕ್ಕೆ ಅಂಟಿದ ಹೂವು ನೆಲದಿಂದ ಏಳುತ್ತಿರಲಿಲ್ಲ. ಉಗುರಿನಿಂದ ಕೆರೆದು ತೆಗೆದೆ. ಡ್ರೈವರ್ ಸ್ಟ್ರೆಚರ್ ತಂದು ಬೋಲ್ಟ್ ಬಿಗಿದ.

ಆಮೇಲಿನ ವಾರ ಸಮಿತಿಯ ಮೀಟಿಂಗ್ ಆಯಿತು. ಅಲ್ಲಿ ಕೇಳಿದ ಮೊದಲ ಪ್ರಶ್ನೆ ಏನು ಗೊತ್ತೆ? ಬೀಗ ಒಡೆಯಲು ಹೇಳಿದವರು ಯಾರು! ಬಾಣಂತಿ ಬದುಕಿದಳೇ ಸತ್ತಳೇ ಎಂದು ಒಬ್ಬನೂ ಕೇಳಲಿಲ್ಲ. "ನಾನು ಹೇಳಿದ್ದು, ಇನ್ನೊಮ್ಮೆ ಹಾಕಿದ್ರ ಇನ್ನೊಮ್ಮೆ ಒಡಸ್ತೀನಿ," ಎಂದೆ. ನನ್ನನ್ನು ತೆಗೆದುಹಾಕುವ ಮಾತೂ ಬಂತು. ಈ ಕೆಲಸಕ್ಕೆ ಬೇರೆ ನರ್ಸ್ ಬರುವುದಿಲ್ಲವೆಂದು ಗೊತ್ತಿದ್ದರಿಂದ ಆ ಮಾತು ಅಲ್ಲೇ ಸತ್ತಿತು.

ಮುಂದೆ ಶ್ರದ್ಧಾಂಜಲಿ ಸಭೆ. ಪೆಂಡಾಲ್, ಮೈಕು, ಶಾಲು. ಅಷ್ಟರಲ್ಲಿ ವಿಡಿಯೊ ಊರೂರು ತಿರು‌ಗಿ, ಪುಣೆಯ ಮಂದಿಯೂ ನೋಡಿ, ಹೊಗಳಿ, ಗಾಳಿ ತಿರುಗಿತ್ತು. ಅಧ್ಯಕ್ಷರು ಮೈಕಿನ ಮುಂದೆ ಗದ್ಗದಿತರಾದರು. "ಸತ್ತ ಮ್ಯಾಲೂ ಒಂದ ಜೀವಾ ಉಳಿಸಿದ ಮಹಾನುಭಾವರು ನಮ್ಮ ಕಾಕಾ. ಅವತ್ತ ನಾವೆಲ್ಲಾರೂ ಕೂಡಿ ನಿರ್ಧಾರಾ ಮಾಡಿ, ವಿಮಾನ ಇಳಿಸಿ, ಗಾಡಿ ಕೊಟ್ವಿ!" ಚಪ್ಪಾಳೆಯೋ ಚಪ್ಪಾಳೆ. ಹಾವು ಕಚ್ಚಿದವನ ಅಪ್ಪ ಎಲ್ಲರಿಗಿಂತ ಜೋರಾಗಿ ತಟ್ಟಿದ. ಮುಂದಿನ ಸಾಲಿನಲ್ಲಿ ಕಾಕುವಿಗೆ ಕುರ್ಚಿ ಹಾಕಿದ್ದರು. ಆಕೆಯ ತಲೆ ಬಗ್ಗಿತ್ತು. ನಾನು ಎದ್ದು ಹೊರಗೆ ಬಂದೆ.

ಕಾಕುವಿನ ಮನೆಗೆ ಹೋಗಲು ನನಗೆ ಧೈರ್ಯ ಸಾಲದೆ ದಿನ ದೂಡಿದ್ದೆ. ಸಭೆಯ ಮರುದಿನ ಹೋದೆ. ಬಾಗಿಲು ತೆರೆದೇ ಇತ್ತು. ಆಕೆ ಜೋಳ ಹಸನು ಮಾಡುತ್ತಿದ್ದಳು. ಒಳಗೆ ಬಾ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ನಾನು ಹೊಸ್ತಿಲ ಹೊರಗೇ ಕೂತೆ. ಮೊರದ ಸಪ್ಪಳ ನಿಂತ ಮೇಲೆ ಆಕೆಯೇ ಕೇಳಿದಳು.

"ಉಳದ್ಲೇನು ಆಕಿ?"

"ಉಳದಾಳ ಕಾಕು."

"ಕೂಸು?"

"ಆರಾಮ ಐತಿ. ಹೆಣ್ಣು."

"ಆತು ಬಿಡು, ಛಲೋ ಆತು." ಆಕೆ ಒಂದು ಕಲ್ಲು ಆರಿಸಿ ಬದಿಗೆ ಒಗೆದಳು. ನನ್ನ ಎದೆ ಸ್ವಲ್ಪ ಹಗುರಾಯಿತು. ಎದ್ದು ಒಳಗೆ ಹೋಗಿ ಆಕೆಯ ಪಕ್ಕ ಕೂರಬೇಕೆಂದು ಹೊಸ್ತಿಲಿಗೆ ಕೈ ಊರಿದೆ. ಆಗ ಆಕೆ ನನ್ನ ಮುಖ ನೋಡಿದಳು.

"ನೀ ಮಾಡಿದ್ದು ಖರೇನ ಐತವಾ. ನಿನ್ನ ಜಾಗಾದಾಗ ಅಂವಾ ಇದ್ದಿದ್ರೂ ನನ್ನ ಕೈ ಬಿಡಿಸಿ ಹಿಂಗ ಹೋಗ್ತಿದ್ದಾ. ಅದಕ್ಕ ನಿನ್ನ ಮಾರಿ ನೋಡಾಕ ಆಗವಲ್ದು ನನಗ. ಇನ್ನ ಬರಬ್ಯಾಡ."

ಹೇಳಿ ಮೊರ ಎತ್ತಿಕೊಂಡಳು.